ಹೇಳಬೇಕಾದವಳು

ಬೋಗುಣಿಯ ನೀರಿನಲ್ಲಿ ಸೋಪು ಕದಡುತ್ತಿದ್ದ ಅತ್ತೆಯ ಕೈಯನ್ನೇ ನೋಡುತ್ತ ಕೃತಿ ಅಡುಗೆಮನೆ ಬಾಗಿಲಿಗೆ ಒರಗಿ ನಿಂತಿದ್ದಳು. ಅಪ್ಪ ಹೋದ ದುಃಖಕ್ಕಿಂತ, ಇವತ್ತು ಇಷ್ಟು ಜನರ ಮುಂದೆ ಬಾಯಿ ಬಿಡಬೇಕಲ್ಲ ಎಂಬ ಭಯವೇ ದೊಡ್ಡದಾಗಿದೆ ಎಂದು ತನ್ನೊಳಗೇ ಒಪ್ಪಿಕೊಂಡಳು. ಒಪ್ಪಿಕೊಂಡದ್ದಕ್ಕೆ ನಾಚಿಕೆಯೂ ಆಯಿತು.

ಐರ್ಲೆಂಡಿನ ಬ್ಯಾಲಿನ್‌ಕೊಲಿಗ್‌ನ ಆ ಮನೆಯ ಸಣ್ಣ ಹಾಲ್‌ನಲ್ಲಿ ಅಪ್ಪ ಮಧುಸೂದನ್ ಮುಚ್ಚಳ ತೆರೆದ ಪೆಟ್ಟಿಗೆಯಲ್ಲಿ ಮಲಗಿದ್ದರು.

"ಎರಡು ಗಂಟೆಗೆ ಕ್ರಿಮೆಟೋರಿಯಂ ಸ್ಲಾಟ್ ಅಮ್ಮಾ," ಎಂದ ಅಪ್ಪನ ಆಫೀಸಿನ ಗೆಳೆಯ ದಿಲೀಪ್. "ಮಧು ಒಂದು ಮೀಟಿಂಗಿಗೂ ಟೈಮಿಗೆ ಬಂದೋನಲ್ಲ. ಇವತ್ತಾದ್ರೂ ಬರ್ಲಿ."

"ಐದು ನಿಮಿಷ ಕಣಪ್ಪ. ಬಳೆ ತೆಗೆಯೋದು ಹತ್ತನೇ ದಿನ. ನನಗೆ ಬುಧವಾರವೇ ಬೆಂಗಳೂರು ಫ್ಲೈಟು. ಆಮೇಲೆ ಇಲ್ಲಿ ಮಾಡೋರು ಯಾರು?" ಮಗನ ಮನೆಗೆಂದು ಲಂಡನ್ನಿಗೆ ಬಂದಿದ್ದ ಶಕುಂತಲತ್ತೆ ತಮ್ಮನ ಸುದ್ದಿ ಕೇಳಿ ನಿನ್ನೆ ಓಡಿಬಂದಿದ್ದರು. "ಒಡೆಯೋ ಹಾಗೂ ಇಲ್ಲ, ಈ ಕಾರ್ಪೆಟ್ಟಲ್ಲಿ ಚೂರು ಸೇರ್ಕೊಂಡ್ರೆ ಸಿಗಲ್ಲ. ಸೋಪು ಹಚ್ಚಿ ಜಾರಿಸ್ತೀನಿ. ವಿನೋದಿನಿ, ಬಾ."

ಅಮ್ಮ ಬಂದು ಕೂತಳು. ಡಬ್ಲಿನ್ನಿನ ಕ್ಯಾಸಲ್‌ನಾಕ್‌ನಿಂದ ಬಂದವಳ ಬರಿಗೈಗೆ ಅತ್ತೆಯೇ ಬೆಳಿಗ್ಗೆ ಹಸಿರು ಬಳೆ ತೊಡಿಸಿದ್ದರು, ತೆಗೆಯುವುದಕ್ಕೆಂದೇ. ಡಬ್ಲಿನ್ನಿನಲ್ಲಿ ಕೆಲಸ, ಅದಕ್ಕೇ ಬೇರೆ ಮನೆ ಎಂದು ಮೂರು ವರ್ಷದಿಂದ ನೆಂಟರೆಲ್ಲ ನಂಬಿದ್ದರು.

* * *

ಡೈವೋರ್ಸಿನ ಮೀಡಿಯೇಷನ್ನಿಗೆ ಅಪ್ಪ ಅಮ್ಮ ಇಬ್ಬರೂ ಒಂದೇ ಕಾರಿನಲ್ಲಿ ಹೋಗುತ್ತಿದ್ದರು. ಅಪ್ಪ ಸ್ಟೇಷನ್ನಿನಿಂದ ಅಮ್ಮನನ್ನು ಕರೆತರುತ್ತಿದ್ದರು. ಮನೆ, ಪೆನ್ಷನ್ ಎಲ್ಲ ತಣ್ಣಗೆ ತೀರ್ಮಾನವಾಯಿತು. ದೋಸೆಹಿಟ್ಟಿನ ಗ್ರೈಂಡರಿಗೆ ಮಾತ್ರ ಒಂದಿಡೀ ಗಂಟೆ ಜಗಳ.

ಡೈವೋರ್ಸ್ ಆದ ವಾರವೇ ಅಪ್ಪ ವಿಲ್ ಬರೆಸಿದರು. ಸಾಲಿಸಿಟರ್ ಆಫೀಸಿನಿಂದ ಬಂದು ಕಾರಿನಲ್ಲಿ ಕೃತಿಯ ಪಕ್ಕ ಕೂತವರು ಹೊರಡಲಿಲ್ಲ.

"ನಾನು ಹೋದಾಗ ನಿಮ್ಮಮ್ಮನ್ನ ಕೂರಿಸಿ ಬಳೆ, ಕುಂಕುಮ ತೆಗೀಬಾರದು ಅಂತ ಬರೆಸಿದೀನಿ. ಆದ್ರೆ ವಿಲ್ ಓದೋದು ಎಲ್ಲ ಮುಗಿದ್ಮೇಲಂತೆ. ಮನೇಲಿ ಒಬ್ಬರಿಗೆ ಬಾಯಲ್ಲೂ ಹೇಳಿಡಿ ಅಂದ್ರು ಲಾಯರು."

"ಡೈವೋರ್ಸ್ ವಿಷಯ ಅತ್ತೆಗೆ ನೀವೇ ಹೇಳಿ ಅಪ್ಪ."

"ಅಕ್ಕಂಗೆ ಹೇಳೋ ಧೈರ್ಯ ಇದ್ದಿದ್ರೆ ನಿಂಗ್ಯಾಕೆ ಹೇಳ್ತಿದ್ದೆ?" ಅಪ್ಪ ನಕ್ಕರು. "ನೀನು ಹೇಳ್ತೀಯ ತಾನೇ?"

"ಹ್ಞೂಂ."

"ಗ್ರ್ಯಾಂಡ್," ಎಂದು ಐರಿಷರ ಧಾಟಿಯಲ್ಲೇ ಒಪ್ಪಿ ಕಾರು ಹೊರಡಿಸಿದರು.

* * *

ಕೃತಿ ಅಮ್ಮನ ಕಿವಿಯ ಬಳಿ ಬಗ್ಗಿದಳು. "ಬೇಡ ಅಂತ ಹೇಳಮ್ಮಾ."

"ಸುಮ್ನಿರೇ," ಅಮ್ಮ ಪಿಸುಗುಟ್ಟಿದಳು. "ತಮ್ಮನ್ನ ಕಳ್ಕೊಂಡಿದಾರೆ. ಈಗ ಅದನ್ನೂ ಹೇಳಿದ್ರೆ ತಡ್ಕೋತಾರಾ? ಐದು ನಿಮಿಷ ತಾನೇ, ಕೂತಿರ್ತೀನಿ."

ಆದರೆ ಅತ್ತೆಯ ಮಡಿಲಿಗೆ ಕೈ ಚಾಚಿ ಅವಳು ಮುಖವನ್ನು ಪಕ್ಕಕ್ಕೆ ತಿರುಗಿಸಿಕೊಂಡಳು. ಹೆಂಗಸರು ಸುತ್ತ ಸೇರಿದರು. ಕೃತಿ ಅವರ ನಡುವೆ ನುಗ್ಗಿ ಅತ್ತೆಯ ಮುಂದೆ ಬಂದು ಕೆಮ್ಮಿದಳು.

"ಏನೇ, ನೀರು ಬೇಕಾ?" ಸೋಪು ಹಚ್ಚಿ ಬಳೆ ಜಾರಿಸುತ್ತಿದ್ದ ಅತ್ತೆ ತಲೆಯೆತ್ತಲಿಲ್ಲ. "ಮದುವೆ ಆಗ್ಬೇಕಾದ ಹುಡುಗಿ ಇದನ್ನ ನೋಡಬಾರದು. ಆ ಕಡೆ ಹೋಗು."

"ಅತ್ತೆ, ಬಿಡಿ."

"ಹೋಗು ಅಂದ್ನಲ್ಲ!"

"ಅಮ್ಮ ಈಗ ಅಪ್ಪನ ಹೆಂಡತಿ ಅಲ್ಲ ಅತ್ತೆ. ಫೆಬ್ರವರಿಯಲ್ಲೇ ಡೈವೋರ್ಸ್ ಆಯ್ತು. ಹೀಗೆ ಕೂರಿಸಬಾರದು ಅಂತ ಅಪ್ಪನೇ ನಂಗೆ ಹೇಳಿದ್ರು."

ಅತ್ತೆ ಅಮ್ಮನ ಕೈಯನ್ನು ಎಳೆಯಲೂ ಇಲ್ಲ, ಬಿಡಲೂ ಇಲ್ಲ. ನೊರೆಯೊಳಗೆ ಮೊದಲ ಬಳೆ ಗೆಣ್ಣಿನ ಮೇಲೆ ಅರ್ಧಕ್ಕೇ ನಿಂತಿತ್ತು.