ಒರುಕ್‌ಗೆ ನುಸಿ ಹತ್ತಿದ ವಾರ

ಜಿಬೆಕ್ ಒದ್ದೆ ಮಾಡಿದ ಬಿಳಿ ಬಟ್ಟೆಯನ್ನು ಹಾವಿನ ಕತ್ತಿನಿಂದ ಬಾಲದವರೆಗೆ ಮೆಲ್ಲಗೆ ಎಳೆದು ಕಿಟಕಿಯ ಬೆಳಕಿಗೆ ಹಿಡಿದಳು. ಗಸಗಸೆಯಂಥ ಏಳು ಕಪ್ಪು ಚುಕ್ಕೆಗಳು. ನೋಡುತ್ತಿದ್ದಂತೆ ಅವುಗಳಲ್ಲಿ ಎರಡು ನಡೆಯತೊಡಗಿದವು.

"ಎಷ್ಟು?" ಬಾಗಿಲಾಚೆಯಿಂದ ಅತ್ತೆ ಸಾಯ್ರಾಕಾನ್ ಕೇಳಿದಳು. ಹಾವಿರುವ ಕೋಣೆಗೆ ಅವಳು ಕಾಲಿಟ್ಟವಳಲ್ಲ.

"ಏಳು, ಅಪಾ." ಅಪಾ ಎಂದರೆ ಅಮ್ಮ; ಅತ್ತೆಯನ್ನೂ ಹಾಗೆಯೇ ಕರೆಯುವುದು.

"ನಿನ್ನೆ ಹನ್ನೊಂದು ಅಂದೆ. ಹೀಗೆ ಒಂದೊಂದೇ ಹೆಕ್ತಾ ಕೂತ್ರೆ ಯಾವ ಕಾಲಕ್ಕೆ ಮುಗಿಯುತ್ತೆ? ಭಾನುವಾರ ನನ್ನ ಮಗಳ ಮಗೂನ ತೊಟ್ಟಿಲಿಗೆ ಹಾಕೋದು ಈ ಮನೇಲೇ. ಶನಿವಾರ ಒಂದೇ ಒಂದು ನುಸಿ ಕಂಡ್ರೂ ಹಾವು ಆಚೆಗೆ."

"ಇವು ಮನುಷ್ಯರ ಮೈಯಲ್ಲಿ ಬದುಕಲ್ಲ, ಅಪಾ."

"ಅದನ್ನ ನನ್ನ ಮಗಳಿಗೆ ಹೇಳು, ನೋಡೋಣ."

ಎಂಟು ತಿಂಗಳ ಹಿಂದೆ ಜಿಬೆಕ್ ಬಿಷ್ಕೆಕ್‌ನ ಈ ಮೂರನೇ ಮಹಡಿಗೆ ಸೊಸೆಯಾಗಿ ಬಂದಾಗ ಹನ್ನೆರಡು ರಜಾಯಿಗಳ ಜೊತೆ ಒಂದು ಗಾಜಿನ ಪೆಟ್ಟಿಗೆಯೂ ಬಂದಿತ್ತು. ಒಳಗೆ ಜರ್ದಾಳು ಬಣ್ಣದ ಹಾವು. ಹೆಸರೂ ಅದೇ ಹಣ್ಣಿನದು, ಒರುಕ್. ಮನೆ ಹೊಕ್ಕ ಹಾವಿಗೆ ಮಾಡಬೇಕಾದ್ದನ್ನು ಸಾಯ್ರಾಕಾನ್ ಅಂದೇ, ಪೆಟ್ಟಿಗೆ ಇನ್ನೂ ನಡುಮನೆಯಲ್ಲಿದ್ದಾಗಲೇ, ಮಾಡಿದ್ದಳು. ಉದ್ದನೆಯ ಸೌಟಿನಿಂದ ಅದರ ತಲೆಯ ಮೇಲೆ ಮಜ್ಜಿಗೆ ಸುರಿದು, ತೃಪ್ತಿಯಾಗಿ ಹೊರಟುಹೋಗು ಎಂದಿದ್ದಳು. ಒರುಕ್ ತಲೆ ಕೊಡವಿ ತನ್ನ ಗೂಡಿನೊಳಗೆ ಹೋಗಿ ಮಲಗಿತು. ಹದಿನೈದನೇ ವಯಸ್ಸಿನಿಂದ ಸಾಕಿದ ಆ ಹಾವಿಲ್ಲದೆ ಈ ಮನೆ ತನ್ನದೆನಿಸದು ಎಂದು ಜಿಬೆಕ್‌ಗೆ ಗೊತ್ತಿತ್ತು. ಅದಕ್ಕೇ ಅವಳು ಎಲ್ಲರಿಗಿಂತ ಮೊದಲೆದ್ದಳು, ಎಲ್ಲರಿಗೂ ಚಹಾ ಬಗ್ಗಿಸಿದಳು, ಅತ್ತೆ ಏನೆಂದರೂ ಹೂಂ ಎಂದಳು.

ಪೆಟ್ಟಿಗೆಗೆ ಹಾಸಲು ಸಂತೆಯಿಂದ ತಂದ ಮರದ ಹೊಟ್ಟಿನಲ್ಲಿ ನುಸಿ ಬಂದಿರಬೇಕು. ಒರುಕ್ ನಾಲ್ಕು ದಿನ ನೀರಿನ ಬಟ್ಟಲಿನಿಂದ ಮೇಲೇಳದೆ ಬಿದ್ದಿತ್ತು. ಹೊಟ್ಟನ್ನೆಲ್ಲ ಎಸೆದು, ಪೆಟ್ಟಿಗೆಯನ್ನು ಬಿಸಿನೀರಲ್ಲಿ ತೊಳೆದು, ಕಾಗದ ಹಾಸಿದ್ದಾಯಿತು. ಪಶುವೈದ್ಯ ಕೊಟ್ಟ ಔಷಧಿಯನ್ನು ಬಟ್ಟೆಗೆ ಹಾಕಿ, ಕಣ್ಣಿಗೆ ತಾಗದಂತೆ ಒರೆಸಿದ್ದೂ ಆಯಿತು. ಈಗ ದಿನವೂ ಉಗುರುಬೆಚ್ಚಗಿನ ನೀರಿನ ಸ್ನಾನ.

ಬುಧವಾರ ಮಧ್ಯಾಹ್ನ ಅವಳು ಬಚ್ಚಲಲ್ಲಿ ನೀರಿಟ್ಟು ಹಾವನ್ನು ಎತ್ತಿಕೊಂಡು ಬಂದರೆ ಬೋಗುಣಿಯ ನೀರು ಹಾಲಿನಂತೆ ಬೆಳ್ಳಗಾಗಿತ್ತು. ಡಾಂಬರಿನ ಘಾಟು ಮೂಗಿಗೆ ಹೊಡೆಯಿತು. ಸಾಯ್ರಾಕಾನ್ ಅಂಗಿಯ ತೋಳು ಮಡಚಿ, ಕಂದು ಬಾಟಲಿ ಹಿಡಿದು ನಿಂತಿದ್ದಳು. ನರಿನ್ ಕಡೆಯ ಕುರಿ ಫಾರಮ್ಮಿನಲ್ಲಿ ಇಪ್ಪತ್ತೆರಡು ವರ್ಷ ದುಡಿದವಳು. ಅಲ್ಲಿ ಕುರಿಗಳನ್ನು ಮುಳುಗಿಸುತ್ತಿದ್ದ ಔಷಧಿ ಅದು.

"ಅದ್ದಿ ತೆಗಿ. ದಿನಕ್ಕೆ ಎಂಟುನೂರು ಕುರಿ ಅದ್ದಿದ ಕೈ ಇದು. ನಿನ್ನದು ಒಂದು ಮೊಳ ಹಗ್ಗ."

"ಬೇಡ."

"ಏನಂದೆ?"

"ಬೇಡ ಅಂದೆ. ಕುರಿ ತಡ್ಕೊಳ್ಳುತ್ತೆ, ಇದು ತಡ್ಕೊಳ್ಳಲ್ಲ. ಸಾಯಂಕಾಲಕ್ಕೆ ಸತ್ತೋಗುತ್ತೆ. ನೀವು ಸ್ವಲ್ಪ ಪಕ್ಕಕ್ಕೆ ಬನ್ನಿ, ಅಪಾ."

ಒಂದು ಕೈಯಲ್ಲಿ ಹಾವನ್ನು ಎದೆಗವಚಿಕೊಂಡು ಇನ್ನೊಂದು ಕೈಯಿಂದ ಬೋಗುಣಿ ಮಗುಚಿದಳು. ಬಿಳಿ ನೀರು ಗುಳಗುಳ ಇಳಿದುಹೋಯಿತು. ಹಾವಿನ ಜೊತೆ ತನ್ನ ಗಂಟುಮೂಟೆಯೂ ಆಚೆಗೆ ಎಂದುಕೊಂಡಳು ಜಿಬೆಕ್.

ಸಾಯ್ರಾಕಾನ್ ಬಾಟಲಿಯ ಮುಚ್ಚಳ ತಿರುವಿದಳು. "ಮೂಗೀನ ಕಟ್ಕೊಂಡು ಬಂದಿದ್ದೀಯಾ ಅಂತ ಎಂಟು ತಿಂಗಳಿಂದ ಮಗನಿಗೆ ಹೇಳ್ತಿದ್ದೆ. ಬಾಯಿ ಇದೆಯಲ್ಲೇ ನಿಂಗೆ! ಬೋಗುಣೀನ ಸೋಪು ಹಾಕಿ ಮೂರು ಸಲ ತೊಳಿ. ಬಿಸಿನೀರು ನಾನು ತರ್ತೀನಿ. ಹಾವು ಮಾತ್ರ ಮುಟ್ಟಲ್ಲ."

ಗುರುವಾರ ಅವಳು ಹೊಸ್ತಿಲಲ್ಲಿ ಸ್ಟೂಲು ಹಾಕಿಕೊಂಡು ಕೂತಳು. "ಗಲ್ಲದ ಕೆಳಗೆ ನೋಡಿದ್ಯಾ? ಕುರಿಯ ಉಣ್ಣಿಯೂ ಅಂಥ ಜಾಗದಲ್ಲೇ ಅಡಗೋದು." ಜಿಬೆಕ್ ನೋಡಿದಳು. ಹುರುಪೆಯ ಸಂದಿಯಲ್ಲಿ ಮೂರು ಸಿಕ್ಕವು. ಶುಕ್ರವಾರ ಸ್ಟೂಲು ಒಳಗೆ ಬಂತು, ಒಲೆಯ ಪಾತ್ರೆ ಇಳಿಸುವ ಕೈಗವಸು ತೊಟ್ಟ ಎರಡು ಕೈ ಬಾಲ ಹಿಡಿದವು.

ಶನಿವಾರ ಪಲಾವಿಗೆ ಕ್ಯಾರೆಟ್ ಹೆಚ್ಚುವುದನ್ನು ಅರ್ಧಕ್ಕೆ ಬಿಟ್ಟು ಸಾಯ್ರಾಕಾನ್ ಕನ್ನಡಕ ಏರಿಸಿಕೊಂಡು ಬಂದಳು. "ಇವತ್ತು ನಾನೇ ಒರೆಸ್ತೀನಿ. ನಿನ್ನ ಕಣ್ಣನ್ನ ನಂಬಲ್ಲ."

ಬರಿಗೈಯಲ್ಲೇ ಒರೆಸಿದಳು. ಒರುಕ್ ಅವಳ ಮಣಿಕಟ್ಟಿಗೆ ಒಂದು ಸುತ್ತು ಸುತ್ತಿತು. ಅವಳು ಉಸಿರು ಬಿಗಿಹಿಡಿದಳೇ ಹೊರತು ಕೊಡವಲಿಲ್ಲ. ಬಟ್ಟೆಯನ್ನು ಬೆಳಕಿಗೆ ಹಿಡಿದರು. ಬೆಳ್ಳಗಿತ್ತು. ಅಷ್ಟರಲ್ಲಿ ಅಂಚಿನ ಹತ್ತಿರ ಒಂದು ಚುಕ್ಕೆ ನಡೆಯಿತು.

ಜಿಬೆಕ್ ಅದನ್ನು ನೋಡಿದಳು. ಅತ್ತೆ ನೋಡಿದ್ದನ್ನೂ ನೋಡಿದಳು.

ಫೋನು ಬಡಿದುಕೊಂಡಿತು. ಸಾಯ್ರಾಕಾನ್ ಅದನ್ನು ಭುಜಕ್ಕೂ ಕಿವಿಗೂ ನಡುವೆ ಸಿಕ್ಕಿಸಿಕೊಂಡಳು. ಆ ಕಡೆಯಿಂದ ಮಗಳ ದನಿ ಕೋಣೆಗೆಲ್ಲ ಕೇಳುತ್ತಿತ್ತು: ಹುಳ ಹೋಯಿತೇ, ನಾಳೆ ಮಗುವನ್ನು ತರಬಹುದೇ.

"ನೋಡ್ತಾನೇ ಇದ್ದೀನಿ ಕಣೇ," ಎಂದಳು ಸಾಯ್ರಾಕಾನ್. ಹೆಬ್ಬೆರಳ ಉಗುರನ್ನು ಚುಕ್ಕೆಯ ಮೇಲಿಟ್ಟು ಒತ್ತಿದಳು. "ಒಂದೂ ಇಲ್ಲ. ಹೊತ್ತಿಗೆ ಸರಿಯಾಗಿ ಬನ್ನಿ."

ಬಟ್ಟೆಯನ್ನು ಮಡಚಿ, ಶುಭ್ರವಾದ ಮಗ್ಗುಲನ್ನು ಮೇಲೆ ಮಾಡಿಕೊಂಡು, ಅವಳು ಮತ್ತೆ ಕತ್ತಿನಿಂದ ಶುರುಮಾಡಿದಳು.