ಕಾಕೂ ಗೊಣಗಿದ ದಾರಿ

ಸಿಂಧುಕಾಕೂ ದಾರಿಯೊಡನೆ ಜಗಳವಾಡುತ್ತಿದ್ದರು. ಮನುಷ್ಯರ ಮಟ್ಟಿಗೆ ಅವರದು ಮಿತಭಾಷೆ. ಹಾಲಿನವನಿಗೆ ಎರಡು ಮಾತು, ಗೋಡೆಯಾಚೆಯ ನೆರೆಯವಳಾದ ನನಗೆ ನಾಲ್ಕು, ಅಷ್ಟರಲ್ಲಿ ಅವರ ದಿನ ಮುಗಿಯುತ್ತಿತ್ತು. ಆದರೆ ಸದಾಶಿವ ಪೇಟೆಯ ನಮ್ಮ ವಾಡೆಯ ಹೆಬ್ಬಾಗಿಲು ದಾಟಿ ಕಾಲು ಹಾದಿಗೆ ಬಿದ್ದಿತೋ, ಒಳಗಿನ ಯಾವುದೋ ಒಡ್ಡು ಒಡೆದಂತಾಗಿ, ಕಲ್ಲು, ತಗ್ಗು, ಬೇರು, ಮೆಟ್ಟಿಲು, ಮಲಗಿದ ನಾಯಿ, ಬಾಗಿದ ಟೊಂಗೆ ಒಂದನ್ನೂ ಬಿಡದೆ ಬೈಯುತ್ತ ಸಾಗುತ್ತಿದ್ದರು. “ಈ ಕಲ್ಲ ಬಲಗಾಲಿಗೇ ಬರಬೇಕ, ಎಡಕ್ಕ ಜಾಗಾ ಇದ್ದಿದ್ದಿಲ್ಲೇನು ಇದಕ್ಕ? ಮತ್ತ ಮೂರು ಮೆಟ್ಟಲಾ, ಕಡೀದು ಮುರದದ. ಟೊಂಗಿ ನೋಡ್ರಿ ಇದು, ಪೇಶವೆ ವಂಶದ್ದು, ತಲಿ ಬಗ್ಗಿಸಿ ಮುಜುರೆ ಮಾಡೇ ಹೋಗಬೇಕ.” ಹಿಂದೆ ಎರಡು ಹೆಜ್ಜೆ ಅಂತರದಲ್ಲಿ, ಕೈಗಳನ್ನು ಬೆನ್ನಿಗೆ ಕಟ್ಟಿಕೊಂಡು, ಮುಗುಳ್ನಗುತ್ತ ಬರುತ್ತಿದ್ದವರು ಅವರ ಯಜಮಾನರಾದ ದತ್ತಾತ್ರೇಯ ಮೋಘೆ, ನಮ್ಮೆಲ್ಲರ ಕಾಕಾ. ಅವರ ಗೆಳೆಯ ಬಾಪಟರು ಕಾಕೂಗೆ ಇಟ್ಟಿದ್ದ ಹೆಸರು ‘ಆಕಾಶವಾಣಿ, ಪುಣೆ ಕೇಂದ್ರ’.

ಕಾಕೂ ಗಿಡ್ಡ ಆಳು. ಸೀರೆಯ ನೆರಿಗೆಯನ್ನು ಸೊಂಟಕ್ಕೆ ಸಿಕ್ಕಿಸಿ, ಕಾಲಿಗೆ ಬಿಳಿಯ ಕ್ಯಾನ್ವಾಸು ಬೂಟು ತೊಟ್ಟು, ಮೈಮೇಲೆ ಕಾಕಾರ ಹಳೆಯ ಖಾಕಿ ಕೋಟೊಂದನ್ನು ಏರಿಸಿದರೆ, ಕೋಟೇ ನಡೆದುಬರುತ್ತಿದೆಯೋ ಎಂಬ ಭ್ರಮೆಯಾಗುತ್ತಿತ್ತು. ಕಾಕಾ ಭೂಮಾಪನದ ಕಚೇರಿಯೊಂದರಲ್ಲಿ ಮೂವತ್ತೈದು ವರ್ಷ ನಕ್ಷೆ ಬರೆದು ನಿವೃತ್ತರಾದವರು. ಆ ಕೋಟು ಅವರೊಡನೆ ಘಟ್ಟವೆಲ್ಲ ಅಲೆದದ್ದು. ಅದರ ಜೇಬುಗಳಲ್ಲಿ ಹುರಿದ ಶೇಂಗಾ, ಬೆಲ್ಲ, ಎರಡು ನಿಂಬೆಹಣ್ಣು ಸದಾ ಇರುತ್ತಿದ್ದವು. ಬೆನ್ನಿನ ನಟ್ಟನಡುವೆ ಮಾತ್ರ ಹಳೆಯ ಪರದೆಯಿಂದ ಕತ್ತರಿಸಿದ, ಕಣ್ಣಿಗೆ ಹೊಡೆಯುವ ಹಳದಿ ಬಟ್ಟೆಯ ತೇಪೆಯೊಂದಿತ್ತು. ಕೋಟು ಅಲ್ಲಿ ಹರಿದಿರಲಿಲ್ಲ. ಹರಿಯದ ಬಟ್ಟೆಗೆ ತೇಪೆ ಹಾಕುವ ಹೆಂಗಸನ್ನು ಪುಣೆಯಲ್ಲೇ ಮೊದಲು ಕಂಡೆನೆಂದು ಲೇಲೆ ವಹಿನಿ ನಗುತ್ತಿದ್ದರು. ಲೇಲೆ ದಂಪತಿ ಮತ್ತು ಬಾಪಟರು, ಈ ಮೂವರೇ ಮೋಘೆ ದಂಪತಿಯ ಮೂವತ್ತು ವರ್ಷಗಳ ಸಂಗಾತಿಗಳು.

ಹೋಳಿಹುಣ್ಣಿಮೆಯಿಂದ ಮೃಗಶಿರೆಯ ಮಳೆ ಬೀಳುವವರೆಗೆ ಪ್ರತಿ ಭಾನುವಾರ ಈ ಐವರು ಸೈಕಲ್ಲೇರಿ ಖಡಕವಾಸಲೆಯ ಆಣೆಕಟ್ಟಿನ ಮೇಲಿಂದ ಸಿಂಹಗಡದ ಬುಡ ಸೇರಿ, ಸೈಕಲ್ಲುಗಳನ್ನು ಅಲ್ಲಿನ ಗೌಳಿಯೊಬ್ಬನ ಅಂಗಳದಲ್ಲಿ ಬಿಟ್ಟು, ಕಾಲುಹಾದಿಯಲ್ಲಿ ಗಡವನ್ನು ಏರಿ, ಮೇಲೆ ಕಡಲೆಹಿಟ್ಟಿನ ಜುಣಕ, ಜೋಳದ ಭಾಕರಿ, ಮಡಕೆಯ ಗಟ್ಟಿಮೊಸರು ತಿಂದು, ಬಿಸಿಲು ಇಳಿದ ಮೇಲೆ ಇಳಿದು ಬರುತ್ತಿದ್ದರು. ನಾನು ಅವರ ಹಿಂದೆ ಬಿದ್ದದ್ದು ಮೂರು ಬೇಸಿಗೆಗಳ ಹಿಂದೆ. ಮುಂಬಯಿಯ ಶಾಲೆಗಳಲ್ಲಿ ಓದಿ, ಪುಣೆಗೆ ಸೊಸೆಯಾಗಿ ಬಂದು, ಐದು ವರ್ಷದ ಗಾರ್ಗಿಯ ತಾಯಿಯಾಗಿದ್ದೆ. ನೀರನ್ನು ಎರಡು ಬಾರಿ ಕುದಿಸುವವಳು, ಮಗು ಸೀನಿದರೆ ಥರ್ಮಾಮೀಟರು ಹುಡುಕುವವಳು, ಅಂಗಳದಲ್ಲಿ ಅವಳು ಓಡಿದರೆ ಕಿಟಕಿಯಿಂದಲೇ ‘ಹುಷಾರು, ಹುಷಾರು’ ಎಂದು ಕೂಗುವವಳು. ಕಾಕೂ ಇದನ್ನು ವರ್ಷವಿಡೀ ಗೋಡೆಯಾಚೆಯಿಂದ ಕೇಳಿ, ಒಂದು ಶನಿವಾರ ಬಾಗಿಲಲ್ಲಿ ನಿಂತು ತಮ್ಮ ನಾಲ್ಕು ಮಾತುಗಳನ್ನು ಒಟ್ಟಿಗೇ ಖರ್ಚು ಮಾಡಿದರು: “ಮೃಣಾಲ್, ಕೂಸಿನ್ನ ಅಜ್ಜೀ ಕಡೆ ಬಿಡು. ನಾಳೆ ನಮ್ಮ ಕೂಡ ಬಾ. ವಾರಕ್ಕೊಮ್ಮೆ ನಿನ್ನನ್ನ ನೀ ಕಾಯಿ.”

ಹೊರಡುವ ಹೊತ್ತಿಗೆ ಆ ಬೇಸಿಗೆಯುದ್ದಕ್ಕೂ ಒಂದೇ ಗಲಾಟೆ. ಬಾಪಟರು ನಸುಕಿಗೇ ಬಂದು ಬೀದಿಯಲ್ಲಿ ನಿಂತು ಗಂಟೆ ಬಾರಿಸಿದರೂ ಕಾಕೂಗೆ ಏನಾದರೊಂದು ಕೆಲಸ ಹೊಳೆಯುತ್ತಿತ್ತು: ಹಾಲು ಬಂದಿಲ್ಲ, ತುಳಸಿಗೆ ನೀರು ಹಾಕಿಲ್ಲ, ಬೂಟಿನ ದಾರ ಕಾಣುತ್ತಿಲ್ಲ. ಬೆಳಕು ಚೆನ್ನಾಗಿ ಹರಿದ ಮೇಲೆಯೇ ಅವರ ಬೂಟಿನ ದಾರ ಸಿಗುತ್ತಿತ್ತು. ಹೊರಟ ಮೇಲೆ ಇನ್ನೊಂದು ವಿಚಿತ್ರ. ಮುಂದೆ ಒಂದು ಎತ್ತೂ ಇಲ್ಲದ ನಿರ್ಜನ ರಸ್ತೆಯಲ್ಲಿಯೂ ಕಾಕೂ ತಮ್ಮ ಸೈಕಲ್ಲಿನ ಗಂಟೆಯನ್ನು ಬಾರಿಸುತ್ತಲೇ ಇರುತ್ತಿದ್ದರು. ತಿರುವಿಗೆ ಎರಡು ಬಾರಿ, ತಗ್ಗಿಗೆ ಮೂರು ಬಾರಿ, ನೇರದಾರಿಯಲ್ಲಿ ಆಗಾಗ ಒಂದು. ಗಂಟೆ ಯಾರಿಗೆಂದು ಲೇಲೆಯವರು ಕೇಳಿದರೆ ದೇವರಿಗೆಂದು ಉತ್ತರ.

ಇದೆಲ್ಲ ನನಗೆ ಗಂಡನನ್ನು ಪೀಡಿಸುವ ಒಂದು ರೀತಿಯಾಗಿಯೇ ಕಂಡಿತ್ತು. ಮೇ ತಿಂಗಳ ನಡುವೆ ಒಂದು ಮಧ್ಯಾಹ್ನ, ಅವರ ಅಡಿಗೆಮನೆಯಲ್ಲಿ ಕುಳಿತು ಬೇಯಿಸಿದ ಮಾವಿನಕಾಯಿಯನ್ನು ಪಾನಕಕ್ಕೆಂದು ಹಿಚುಕುತ್ತಿದ್ದಾಗ, ಕಾಕಾರಂಥ ಸಾಧುಮನುಷ್ಯನ ಕಿವಿ ಹೀಗೆ ತಿನ್ನಬಹುದೇ ಎಂದು ಕೇಳಿಯೇಬಿಟ್ಟೆ. ಕಾಕೂ ಕೈ ತೊಳೆದುಕೊಂಡು ಬಾಗಿಲು ಮುಂದೆ ಮಾಡಿ ಹೇಳಿದರು: ಕಾಕಾರ ಕಣ್ಣು ಸುತ್ತಲಿಂದ ಒಳಗೆ ಕತ್ತಲೆಗೊಳ್ಳುತ್ತ ಬಂದಿದೆ, ಈಗ ನಡುವೆ ರೂಪಾಯಿಯಷ್ಟು ಬೆಳಕಿನ ಕಿಂಡಿ ಮಾತ್ರ ಉಳಿದಿದೆ, ಕಾಲ ಬುಡದ ಕಲ್ಲು ಅವರಿಗೆ ಕಾಣದು, ಮಬ್ಬಿನಲ್ಲಂತೂ ಏನೂ ಕಾಣದು, ದೀಪಾವಳಿಯೊಳಗೆ ಕಿಂಡಿಯೂ ಮುಚ್ಚೀತೆಂದು ವೈದ್ಯರು ಹೇಳಿದ್ದಾರೆ. ಹಳದಿ ತೇಪೆ ಆ ಕಿಂಡಿಗೆ, ಗಂಟೆ ಕಿವಿಗೆ, ಗೊಣಗಾಟ ಕಾಲಿಗೆ. ಗೆಳೆಯರಿಗೆ ಹೇಳಬಾರದೇಕೆ ಎಂದೆ.

“ಗೊತ್ತಾದ್ರ ಕೈ ಹಿಡೀತಾರ,” ಎಂದರು ಕಾಕೂ. “ಪ್ರೀತೀಲೇನೇ ಹಿಡೀತಾರ. ಮುಂದಿನ ವಾರ ಕಾರು ತರ್ತಾರ. ಅದರ ಮುಂದಿನ ವಾರ, ‘ದತ್ತೂ, ನೀ ಮನ್ಯಾಗ ಆರಾಮ ಇರು, ನಾವು ಹೋಗಿ ಬಂದು ಹೇಳ್ತೀವಿ’ ಅಂತಾರ. ಇದೊಂದು ಬ್ಯಾಸಗಿ ಅವರು ಎಲ್ಲಾರಂಗ ಗಡ ಏರಲಿ. ಇಷ್ಟ ಕೇಳ್ಯಾರ ನನಗ. ಲಗ್ನ ಆದಾಗಿಂದ ಇಷ್ಟ ಕೇಳ್ಯಾರ.”

ಅಂದಿನಿಂದ ನನಗೆ ನಿದ್ದೆ ಕೆಟ್ಟಿತು. ಹೇಳಿದರೆ ದ್ರೋಹ, ಹೇಳದಿದ್ದರೆ ಅಪಾಯ. ಭಾನುವಾರ ಬಂತೆಂದರೆ ಕಾಕಾ ಎಡವುವ ಮುನ್ನವೇ ನಾನು ಹತ್ತು ಬಾರಿ ಎಡವುತ್ತಿದ್ದೆ. ಆದರೆ ಅವರು ಎಡವಲಿಲ್ಲ. ಕವಳಿಹಣ್ಣು ಕಪ್ಪಾಗಿ ಪೊದೆತುಂಬಿದ ಆ ಹಾದಿಯಲ್ಲಿ, ಒಂದು ಸಂಸಾರದ ಮೂವತ್ತೆಂಟು ವರ್ಷಗಳ ಅಭ್ಯಾಸವೇ ಮಾತಾಗಿ ಹರಿದಂತೆ, ಕಾಕೂ ಬೈಯುತ್ತ ಹೋದರು, ಕಾಕಾ ಬೈಗಳ ಮೇಲೆ ಹೆಜ್ಜೆಯಿಡುತ್ತ ಬಂದರು. ಲೇಲೆಯವರು ನಾಟ್ಯಗೀತೆ ಹಾಡುತ್ತ ಶ್ರುತಿ ತಪ್ಪಿದಾಗ ಕಾಕಾ ಹಿಂದಿನಿಂದಲೇ ತಿದ್ದುತ್ತಿದ್ದರು. ಬಾಪಟರ ಸೈಕಲ್ಲಿನ ಟ್ಯೂಬು ಒಡೆದ ದಿನ ಆಣೆಕಟ್ಟಿನ ಬಳಿ ಎಲ್ಲರೂ ಕಲ್ಲಂಗಡಿ ಒಡೆದು ತಿಂದೆವು. ಬೀಜವನ್ನು ಯಾರು ದೂರ ಉಗುಳುತ್ತಾರೆಂಬ ಪಂದ್ಯದಲ್ಲಿ, ಬೀಜ ಎಲ್ಲಿ ಬಿತ್ತೆಂದು ಕಾಣದಿದ್ದರೂ, ಗೆದ್ದವರು ಕಾಕಾ. ಈಗ ನೆನೆದರೆ, ಅಷ್ಟು ಭಯದ ನಡುವೆ ಅಷ್ಟು ನಕ್ಕಿದ್ದೆನೆಂದು ನನಗೇ ನಂಬಿಕೆ ಬಾರದು.

ಕೊನೆಯ ಭಾನುವಾರ ಆಕಾಶದಲ್ಲಿ ಮೋಡ ಕಟ್ಟಿತ್ತು. ಮುಂದಿನ ವಾರ ಮಳೆ ಹಿಡಿದರೆ ಹಾದಿ ಜಾರುತ್ತದೆ. ಕಾಕಾರ ಪಾಲಿಗೆ ಅದೇ ಕಡೆಯ ಏರು. ಆ ದಿನವೇ ಕಾಕೂರ ಸ್ವರ ಹೋಗಿತ್ತು. ಹಿಂದಿನ ವಾರ ತಿಂದ ಹುಳಿಗವಳಿಯೋ, ಹೂಜಿಯ ತಣ್ಣೀರೋ, ಗಂಟಲಿನಿಂದ ಗಾಳಿಯ ಹೊರತು ಏನೂ ಹೊರಡುತ್ತಿರಲಿಲ್ಲ. ಸೈಕಲ್ಲಿನ ಮೇಲೆ ಗಂಟೆ ಕೈಹಿಡಿಯಿತು. ಗಡದ ಬುಡದಲ್ಲಿ ಗೆಳೆಯರು ಮೂವರೂ ಮುಂದೆ ನಡೆದುಬಿಟ್ಟಾಗ, ಕಾಕಾ ಮೊದಲ ಬಂಡೆಯ ಮುಂದೆ ಕೈಗಳನ್ನು ಬೆನ್ನಿಗೆ ಕಟ್ಟಿಕೊಂಡು, ತಮ್ಮ ಮುಗುಳ್ನಗೆಯನ್ನು ಬಿಡದೆ, ಸುಮ್ಮನೆ ನಿಂತಿದ್ದರು. ಕಾಕೂ ತಮ್ಮ ಕೋಟನ್ನು ಕಳಚಿ ನನ್ನ ಹೆಗಲಿಗೇರಿಸಿ, ಕಿವಿಯ ಹತ್ತಿರ ಬಾಯಿ ತಂದು ಪಿಸುಗುಟ್ಟಿದರು: “ಮುಂದ ನಡಿ. ಕಂಡದ್ದೆಲ್ಲಾ ಗೊಣಗು. ನಿನಗ ಕಲಿಸಬೇಕಾಗಿಲ್ಲ.”

ನಾನು ನಡೆದೆ. ಬೆನ್ನಿಗೆ ಹಳದಿ ತೇಪೆ. ಹತ್ತು ಹೆಜ್ಜೆಯಾಗುವಷ್ಟರಲ್ಲಿ ಹಾದಿ ಕಡಿದಾಯಿತು. ನನ್ನ ಬಾಯಿಂದ ಹೊರಟದ್ದು ಹಳೆಯ ಮಂತ್ರವೇ: ಹುಷಾರು, ಕಾಕಾ.

ಕಾಕಾ ಒಂದು ಕಾಲನ್ನು ಕೊಕ್ಕರೆಯಂತೆ ಎತ್ತಿದವರು ಹಾಗೆಯೇ ನಿಂತರು. “ಯಾವುದಕ್ಕ ಹುಷಾರವ್ವಾ?” ಎಂದರು ಮೆಲ್ಲಗೆ. “ಕಲ್ಲಿಗೋ, ಹಾವಿಗೋ, ಮುಪ್ಪಿಗೋ?”

ನಾನು ನೋಡಿಯೇ ಇರಲಿಲ್ಲ, ಹೆದರಿದ್ದೆ, ಅಷ್ಟೆ. ಐದು ವರ್ಷದಿಂದ ಕಿಟಕಿಯಲ್ಲಿ ನಿಂತು ಮಗಳಿಗೆ ಕೂಗಿದ ಆ ಪದದೊಳಗೆ ಒಂದು ಕಲ್ಲೂ ಇರಲಿಲ್ಲ, ಒಂದು ತಗ್ಗೂ ಇರಲಿಲ್ಲ, ನನ್ನ ಗಾಬರಿಯ ಹೊರತು ಏನೂ ಇರಲಿಲ್ಲವೆಂದು ಆ ಏರಿನಲ್ಲಿ ಮುಖಕ್ಕೆ ಹೊಡೆದಂತೆ ತಿಳಿಯಿತು. ತಲೆ ತಗ್ಗಿಸಿ ಮೊದಲ ಸಲ ನೆಲವನ್ನು ನೋಡಿದೆ. “ಇಲ್ಲೆ... ಇಲ್ಲೊಂದು ಕಲ್ಲ ಅದ ಕಾಕಾ,” ಎಂದೆ. “ಎಡಕ್ಕ. ಅಲ್ಲಾಡ್ತದ. ಯಾವ ಮೂರ್ಖ ಇಟ್ಟಾನೋ.”

“ಛಲೋ,” ಎಂದರು ಕಾಕಾ, ಎತ್ತಿದ ಕಾಲನ್ನು ಬಲಕ್ಕೆ ಇಳಿಸುತ್ತ. “ಬೈಗಳ ಇನ್ನೊಂದೀಟು ಖಾರ ಇರಲಿ. ನನಗ ರೂಢಿ ಅದ.”

ಆಮೇಲೆ ನಾನು ಗೊಣಗಿದೆ. ಹರಳುಗಲ್ಲನ್ನು ಬೈದೆ, ಮೊಣಕಾಲುದ್ದದ ಬಂಡೆಯನ್ನು ಬೈದೆ, ಸೀರೆ ಹಿಡಿದ ಕವಳಿಮುಳ್ಳನ್ನು ಬೈದೆ. ಹಾವಿನಂತೆ ಅಡ್ಡಮಲಗಿದ ಬೇರಿಗೆ ನನ್ನ ನಾದಿನಿಯ ಹೆಸರಿಟ್ಟು ಬೈದಾಗ ಹಿಂದಿನಿಂದ ಕಾಕೂರ ಸ್ವರವಿಲ್ಲದ ನಗು ಗಾಳಿಯಾಗಿ ಕೇಳಿಸಿತು. ಒಂದು ಕಡೆ ಹಾದಿ ಒಂದೇ ಮೊಳ ಅಗಲಕ್ಕೆ ಕಿರಿದಾಗಿ ಎಡಗಡೆ ಕಣಿವೆ ಬಾಯಿತೆರೆಯುತ್ತದೆ. ಅಲ್ಲಿಯೇ, ತಡವಾಯಿತೆಂದು ಮೇಲಿಂದ ಇಳಿದು ಬಂದ ಬಾಪಟರು ಕೈಚಾಚಿ ನಿಂತಿದ್ದರು. ಕೈ ಕೊಡಲೇ ದತ್ತೂ ಎಂದು ಕೇಳುತ್ತಿದ್ದರು. ಒಂದು ಗಳಿಗೆ ಎಲ್ಲವೂ ಆ ಚಾಚಿದ ಕೈಯ ಮೇಲೆ ನಿಂತಿತು. ಹಿಡಿದರೆ ಆ ಬೇಸಿಗೆಯೇ ಮುಗಿದಂತೆ. ಹಿಡಿಯದೆ ತಪ್ಪಿದರೆ, ನಾನು ಯೋಚಿಸಲಾರೆ. “ಬಲಕ್ಕ ಗ್ವಾಡಿ ಅದ, ಗ್ವಾಡೀಗೆ ಹತ್ತಿ ನಾಕು ಹೆಜ್ಜಿ, ಸಣ್ಣವು, ಈ ಹಾದಿ ಹಾಕಿದವರ ಮನಿ ಹಾಳಾಗಲಿ,” ಎಂದು ಒಂದೇ ಉಸಿರಿಗೆ ಅಂದೆ. ಕಾಕಾ ಬೆನ್ನ ಹಿಂದಿನ ಬಲಗೈಯನ್ನು ಬಿಡಿಸಿ ಬಂಡೆಯ ಮೈ ಸವರುತ್ತ, ಒಂದು, ಎರಡು, ಮೂರು, ನಾಲ್ಕು ಇಟ್ಟು ದಾಟಿಬಂದು, ಬಾಪಟರ ಹೆಗಲು ತಟ್ಟಿ ಹೇಳಿದರು: “ಕೈ ಇಟ್ಕೋ, ಇಳಿಯುವಾಗ ನಿನ್ನ ಮೊಣಕಾಲಿಗೆ ಬೇಕಾಗ್ತದ.”

ಬಾಪಟರು ನನ್ನ ಮೈಮೇಲಿನ ಕೋಟನ್ನು ನೋಡಿ ಮೇಲೆ ನಿಂತಿದ್ದ ಲೇಲೆಯವರಿಗೆ ಕೂಗಿದರು: “ಪುಣೆ ಕೇಂದ್ರ ಬಂದ್ ಆದ್ರ ಮುಂಬಯಿ ಕೇಂದ್ರ ಸುರು ಆತೋ. ನಮಗ ಬಿಡುಗಡಿ ಇಲ್ಲ.”

ಗಡದ ಮೇಲೆ ಮೊಸರಿನ ಮಡಕೆಗಳ ಮುಂದೆ ಎಲ್ಲರೂ ಕುಳಿತಾಗ, ಕಾಕೂ ನನ್ನ ಮೈಮೇಲಿದ್ದ ಕೋಟಿನ ಜೇಬಿಗೆ ಕೈಯಿಳಿಸಿ, ಬೆಲ್ಲದ ಕೊನೆಯ ತುಂಡನ್ನು ತೆಗೆದು, ನನ್ನ ಅಂಗೈಯಲ್ಲಿಟ್ಟು ಬೆರಳು ಮಡಿಸಿದರು.

ದೀಪಾವಳಿಗೆ ಕಿಂಡಿ ಮುಚ್ಚಿತು. ಗೆಳೆಯರಿಗೆ ತಿಳಿಯಿತು. ಮೂವತ್ತು ವರ್ಷದ ಗೆಳೆತನಕ್ಕೆ ಇಷ್ಟೂ ಯೋಗ್ಯತೆಯಿಲ್ಲವೇ ಎಂದು ಬಾಪಟರು ಎರಡು ವಾರ ಮಾತುಬಿಟ್ಟರು. ಮೂರನೆಯ ವಾರ, ಕಾಕೂ ನುಡಿದಿದ್ದಂತೆಯೇ, ಲೇಲೆಯವರು ಯಾರದೋ ಕಾರು ತಂದು ಬಾಗಿಲಲ್ಲಿ ನಿಲ್ಲಿಸಿದರು. ಕಾಕಾ ಅದರ ಬಾಗಿಲನ್ನು ಕೈಯಿಂದ ಸವರಿ ಬಣ್ಣ ಯಾವುದೆಂದು ಕೇಳಿ, ಪರ್ವತಿಯ ಗುಡ್ಡಕ್ಕೆ ನಡೆದೇ ಹೋಗೋಣ ಎಂದರು. ಸೈಕಲ್ಲುಗಳು ಈಗ ವಾಡೆಯ ಗೋಡೆಗೆ ತೂಗುಬಿದ್ದಿವೆ. ಭಾನುವಾರ ಪರ್ವತಿಯ ಮೆಟ್ಟಿಲುಗಳಲ್ಲಿ ಬಾಪಟರು ಮುಂದೆ ನಡೆಯುತ್ತಾರೆ. ಅವರಿಗಿನ್ನೂ ಸರಿಯಾಗಿ ಗೊಣಗಲು ಬರುವುದಿಲ್ಲ. ‘ಇಲ್ಲೇನೋ ಅದ ದತ್ತೂ’ ಎನ್ನುತ್ತಾರೆ, ಹಿಂದಿನಿಂದ ಕಾಕೂರ ಸ್ವರ ಬಂದೇಬರುತ್ತದೆ: “ಏನೋ ಅಂದ್ರ ಏನು, ಬಾಪಟ್? ಹೆಸರಿಲ್ಲೇನು ಅದಕ್ಕ?”

ಗಾರ್ಗಿ ಈ ಬೇಸಿಗೆ ಸೈಕಲ್ಲು ಕಲಿತಳು. ನಾನು ಬದಲಾದೆನೆಂದು ಹೇಳಲಾರೆ. ನೀರು ಈಗಲೂ ಎರಡು ಬಾರಿ ಕುದಿಯುತ್ತದೆ. ಆದರೆ ಅವಳ ಹಿಂದೆ ಓಡುವಾಗ, ಮುಂದೆ ಮರಳಿದೆ, ಬಲಕ್ಕೆ ಚರಂಡಿಯಿದೆ, ಆ ಎಮ್ಮೆಗೆ ಬುದ್ಧಿಯಿಲ್ಲ ಎಂದು ಕೂಗುತ್ತೇನೆ. ಪ್ರೀತಿಸುವವರೆಲ್ಲ ಭಯಪಡುತ್ತಾರೆ, ಆ ಭಯವನ್ನು ಹಾಗೆಯೇ ಇನ್ನೊಬ್ಬರ ತಲೆಯ ಮೇಲೆ ಸುರಿದು ನಿಶ್ಚಿಂತರಾಗುವವರೇ ನಮ್ಮಲ್ಲಿ ಹೆಚ್ಚು. ಅಪರೂಪಕ್ಕೆ ಕೆಲವರು ತಮ್ಮ ಭಯವನ್ನು ಹಿಟ್ಟಿನಂತೆ ನಾದಿ, ಕಲ್ಲಿಗೆ ಕಲ್ಲೆಂದು, ತಗ್ಗಿಗೆ ತಗ್ಗೆಂದು ಹೆಸರು ಕೊಟ್ಟು, ಎರಡು ಹೆಜ್ಜೆ ಮುಂದೆ ನಡೆಯುತ್ತಾರೆ. ಲೋಕ ಅವರನ್ನು ಬಾಯಿಬಡುಕರೆಂದು ಕರೆಯುತ್ತದೆ. ಅವರು ಒಂದು ದಿನ ಸುಮ್ಮನಾದಾಗ ಮಾತ್ರ, ಹಿಂದೆ ಬರುವವನು ಒಂದು ಕಾಲೆತ್ತಿಕೊಂಡು ನಿಂತುಬಿಡುತ್ತಾನೆ.