ಓಡುವ ಮೆಟ್ಟಿಲು

“ಕಾಲಿಡು,” ಎಂದ ಅವನು, ಹಲ್ಲು ಕಚ್ಚಿಕೊಂಡು. “ಹಳದಿ ಗೆರೆ ಕಾಣ್ತಿದೆಯಲ್ಲ, ಅದರೊಳಗೆ ಕಾಲಿಟ್ಟು ಸುಮ್ಮನೆ ನಿಂತ್ಕೋ. ಮಿಕ್ಕಿದ್ದು ಅದೇ ನೋಡ್ಕೊಳ್ಳುತ್ತೆ.”

“ಗೆರೆ ನೋಡೋಷ್ಟರಲ್ಲಿ ಅದು ಮೇಲಕ್ಕೆ ಹೋಗಿಬಿಡುತ್ತಲ್ರೀ,” ಎಂದಳು ಹೆಂಡತಿ. ಮುಂದಿಟ್ಟ ಕಾಲನ್ನು ಬಿಸಿನೀರು ತಾಗಿದವಳಂತೆ ಹಿಂದಕ್ಕೆಳೆದುಕೊಂಡಳು. “ಇದು ಬೇಡ. ಇನ್ನೊಂದು ಬರಲಿ, ತಾಳಿ.”

ಇನ್ನೊಂದು ಬಂತು, ಮತ್ತೊಂದು ಬಂತು. ಎಸ್ಕಲೇಟರಿನ ಮೆಟ್ಟಿಲುಗಳು ನೆಲದೊಳಗಿಂದ ಒಂದರ ಹಿಂದೊಂದು ಹುಟ್ಟಿ ಮೇಲಕ್ಕೆ ಹೋಗುತ್ತಲೇ ಇದ್ದವು. ಅವಳು ಕೈಚೀಲವನ್ನು ಎದೆಗವುಚಿಕೊಂಡು, ತುಂಬಿದ ಬಸ್ಸುಗಳನ್ನು ಹೋಗಗೊಡುವವಳ ಹಾಗೆ ಒಂದೊಂದನ್ನೂ ನೋಡಿ ಬಿಟ್ಟುಬಿಡುತ್ತಿದ್ದಳು.

ಅವನದು ಪ್ರೆಸ್ಸೊಂದರಲ್ಲಿ ಪ್ರೂಫ್ ತಿದ್ದುವ ಕೆಲಸ. ತಲೆ ನೆರೆಯುವಷ್ಟು ಕಾಲ ಬೇರೆಯವರ ತಪ್ಪು ಹುಡುಕಿಯೇ ಹೊಟ್ಟೆ ಹೊರೆದವನು. ಯಾರ ಮಾತನ್ನೂ ಪೂರ್ತಿಯಾಗಲು ಬಿಡದೆ ನಡುವೆ ತಡೆಯುತ್ತಾನೆಂದು ಪ್ರೆಸ್ಸಿನವರು ಬೆನ್ನ ಹಿಂದೆ ಅವನನ್ನು ‘ಅಲ್ಪವಿರಾಮ’ ಎನ್ನುತ್ತಿದ್ದರು. ಹೆಂಡತಿ ಮನೆಯಲ್ಲೇ ಪರದೆ ಹೊಲಿದುಕೊಡುತ್ತಿದ್ದಳು. ದಪ್ಪ ದನಿ, ಅದಕ್ಕಿಂತ ದಪ್ಪ ನಗು. ಪ್ರೆಸ್ಸಿಗೆ ಇಪ್ಪತ್ತೈದು ವರ್ಷ ತುಂಬಿದ ಖುಷಿಗೆ ಯಜಮಾನರು ಹಳೆಯ ಕೆಲಸಗಾರರನ್ನೆಲ್ಲ ಹೆಂಡತಿಯರ ಸಮೇತ ವಿದೇಶ ಸುತ್ತಿಸಿಕೊಂಡು ಬರುವುದಾಗಿ ಹೇಳಿದ್ದೇ ತಡ, ಅವನು ಮನೆಯನ್ನೇ ಪಾಠಶಾಲೆ ಮಾಡಿಬಿಟ್ಟ. ಬೇಯಿಸಿದ ಆಲೂಗಡ್ಡೆ ಮುಂದಿಟ್ಟು ಚಾಕು, ಫೋರ್ಕು ಹಿಡಿಯುವುದನ್ನು ಕಲಿಸಿದ. ಹೊಸ ಶೂ ಅಲ್ಲಿ ಹೋಗಿ ಕಾಲು ಕಚ್ಚದಿರಲೆಂದು ಅಡುಗೆಮನೆಯಲ್ಲೂ ಅದನ್ನೇ ಹಾಕಿಸಿ ಓಡಾಡಿಸಿದ. ಚಕ್ರದ ಸೂಟ್‌ಕೇಸನ್ನು ನಡುಮನೆಯಲ್ಲಿ ಎಳೆಸಿ, ತಿರುವಿನಲ್ಲಿ ಅದು ಮಗುಚಿದಾಗಲೆಲ್ಲ ಗದರಿದ. ಅವಳಿಗೆ ಇದೆಲ್ಲ ತಮಾಷೆ. ಆ ದೇಶದ ಭಾಷೆಯಲ್ಲಿ ಥ್ಯಾಂಕ್ಸ್ ಅನ್ನುವುದು ಹೇಗೆಂದು ಮೊಬೈಲಿನಲ್ಲಿ ಕೇಳಿ ಕಲಿತು, ಹೊಲಿಗೆ ಯಂತ್ರ ತುಳಿಯುತ್ತ ಅದನ್ನೇ ರಾಗವಾಗಿ ಹಾಡಿಕೊಳ್ಳುತ್ತಿದ್ದಳು. ಪರದೆ ತೆಗೆದುಕೊಂಡು ಹೋಗಲು ಬಂದ ಗಿರಾಕಿಗಳಿಗೂ ಅದನ್ನೇ ಹೇಳಿ, ಅವರು ಕಣ್ಣು ಕಣ್ಣು ಬಿಟ್ಟರೆ ಹೊಟ್ಟೆ ಹಿಡಿದುಕೊಂಡು ನಗುತ್ತಿದ್ದಳು.

ಎಡವಟ್ಟಾದದ್ದು ಅಕೌಂಟೆಂಟರ ಮನೆಯಲ್ಲಿ. ಪ್ರೆಸ್ಸಿನ ಅಕೌಂಟೆಂಟರೂ ಅವರ ಹೆಂಡತಿಯೂ ಹಿಂದೆಯೇ ವಿದೇಶ ನೋಡಿ ಬಂದವರು. ಹೊರಡುವವರಿಗೆಲ್ಲ ನಾಲ್ಕು ಬುದ್ಧಿಮಾತು ಹೇಳೋಣವೆಂದು ಒಂದು ಸಂಜೆ ಕಾಫಿಗೆ ಕರೆದಿದ್ದರು. “ಅಲ್ಲಿ ಎಲ್ಲಿ ನೋಡಿದ್ರೂ ಎಸ್ಕಲೇಟರ್ರೇ. ತಡವರಿಸಿದ್ರೋ, ಹಿಂದಿನವರು ಮುಖ ಸಿಂಡರಿಸ್ತಾರೆ,” ಎಂದರು ಅಕೌಂಟೆಂಟರ ಹೆಂಡತಿ.

“ಹಾಗಾದ್ರೆ ನಾನು ಕೆಳಗೇ ಕೂತು ನಿಮ್ಮೆಲ್ಲರ ಸಾಮಾನು ಕಾಯ್ತೀನಿ ಬಿಡಿ,” ಎಂದಳು ಇವಳು. “ಆ ಓಡೋ ಮೆಟ್ಟಿಲು ಕಂಡ್ರೆ ನನ್ನ ಕಾಲು ನನ್ನ ಮಾತೇ ಕೇಳಲ್ಲ.”

ಎಲ್ಲರೂ ಬಿದ್ದು ಬಿದ್ದು ನಕ್ಕರು. ಎಲ್ಲರಿಗಿಂತ ಜೋರಾಗಿ ಅವಳೇ ನಕ್ಕಳು. ಅವನ ಕಿವಿ ಬಿಸಿಯಾಯಿತು. ನಕ್ಕದ್ದು ಅವಳ ಮಾತಿಗೋ, ಅವಳಿಗೋ ಎಂದು ಯೋಚಿಸಿ ಯೋಚಿಸಿ, ಕೊನೆಗೆ ಅದು ತನಗೇ ಇರಬೇಕೆಂದುಕೊಂಡ.

ಅದಕ್ಕೇ ಈ ಭಾನುವಾರ, ಜನ ಸೇರುವ ಮೊದಲು ಕಲಿಸಿ ಮುಗಿಸೋಣವೆಂದು, ಬಾಗಿಲು ತೆರೆಯುವ ಹೊತ್ತಿಗೇ ಅವಳನ್ನು ದೊಡ್ಡ ಮಳಿಗೆಗೆ ಕರೆತಂದಿದ್ದ. ಆದರೆ ಅವಳು ಕಲಿಯುವ ಮೊದಲು ಜನ ಸೇರಿದರು.

“ನೋಡು, ಹೀಗೆ,” ಎಂದು ತೋರಿಸಲು ಅವನೊಬ್ಬನೇ ಹತ್ತಿದ. ಮೇಲೆ ತಲುಪಿ ತಿರುಗಿ ನೋಡಿದರೆ ಅವಳು ಇದ್ದಲ್ಲೇ ಇದ್ದಾಳೆ; ಅವಳ ಹಿಂದೆ ಒಂದು ಸಾಲೇ ಬೆಳೆದಿದೆ. “ಅಮ್ಮಾ, ಹತ್ತದಿದ್ರೆ ಪಕ್ಕಕ್ಕಾದ್ರೂ ಬನ್ನಿ,” ಎಂದರು ಯಾರೋ. ಇನ್ನಾರೋ ಕಿಸಕ್ಕೆಂದರು. ಅವಳು ತಲೆಯೆತ್ತಿ, ಇಡೀ ಮಳಿಗೆಗೆ ಕೇಳುವ ಹಾಗೆ, “ರೀ!” ಎಂದು ಕರೆದಳು.

ಅವನು ಪಕ್ಕಕ್ಕೆ ತಿರುಗಿ, ಅಲ್ಲಿ ಪೇರಿಸಿಟ್ಟಿದ್ದ ಕಂಬಳಿಯೊಂದರ ಬೆಲೆಚೀಟಿ ಓದತೊಡಗಿದ.

ಅವಳು ಮತ್ತೆ ಕರೆಯಲಿಲ್ಲ. ಹಾಗೆ ಕರೆಯದೇ ಇದ್ದದ್ದೇ ಅವನಿಗೆ ಇನ್ನಷ್ಟು ಸಿಟ್ಟು ತರಿಸಿತು. ಇಳಿಯುವ ಕಡೆಯಿಂದ ದಡದಡನೆ ಇಳಿದು ಬಂದ. ಬಂದವನು ಅವಳ ಮುಖ ನೋಡಲಿಲ್ಲ. “ಬಾ ಅಂದ್ರೆ ಬಾ,” ಎಂದು ಅವಳ ಎಡಗೈ ಹಿಡಿದು, ತಾನು ಮೊದಲು ಮೆಟ್ಟಿಲೇರಿ, ಜಗ್ಗಿದ. ಮೆಟ್ಟಿಲು ಅವನನ್ನು ಎತ್ತಿಕೊಂಡು ಹೊರಟಿತು. ಅವಳ ಕಾಲು ನೆಲದಲ್ಲೇ ಇತ್ತು. ಅವನು ಕೈ ಬಿಡಬಹುದಿತ್ತು. ಬಿಡಲಿಲ್ಲ. ಅವಳು ಮುಗ್ಗರಿಸಿ, ಬಲಗೈ ಅಡಿಯಾಗಿ, ಕಬ್ಬಿಣದ ಅಂಚಿನ ಮೇಲೆ ಬಿದ್ದಳು.

ಕಾವಲಿನವನು ಓಡಿ ಬಂದು ಕೆಂಪು ಗುಂಡಿ ಒತ್ತಿದ. ಎಸ್ಕಲೇಟರು ಗಕ್ಕನೆ ನಿಂತಿತು. ಆವರೆಗೆ ಕಿವಿಗೆ ಬೀಳದಿದ್ದ ಅದರ ಸದ್ದು ನಿಂತ ಮೇಲೆ ಎಲ್ಲವೂ ಸ್ತಬ್ಧವಾದಂತಾಗಿ, ಎಲ್ಲರೂ ಇವರತ್ತ ನೋಡಿದರು. ಆಗ ಅವನ ಬಾಯಿಂದ ಹೊರಟ ಮೊದಲ ಮಾತು: “ಹೇಳಿದ ಹಾಗೆ ಕೇಳಿದ್ರೆ ಹೀಗಾಗ್ತಿತ್ತಾ?”

ಅದನ್ನು ಅವನು ಅವಳಿಗೆ ಹೇಳಿದ್ದಲ್ಲ. ಸುತ್ತ ನಿಂತವರಿಗೆ ಹೇಳಿದ್ದು. ಹೇಳುತ್ತಿರುವಾಗಲೇ ಅವನಿಗದು ಗೊತ್ತಿತ್ತು.

ಆಸ್ಪತ್ರೆಯಲ್ಲಿ ಮೂಳೆಯ ಡಾಕ್ಟರು, “ಹೇಗೆ ಬಿದ್ರಿ?” ಎಂದು ಕೇಳಿದರು. ಅವನು ಗೋಡೆಯ ಮೇಲಿನ ಅಸ್ಥಿಪಂಜರದ ಚಿತ್ರದಲ್ಲಿ ಕಣ್ಣಿಟ್ಟು ಕೂತ. “ನನ್ನ ಕಾಲೇ ನನಗೆ ಕೈ ಕೊಡ್ತು ಡಾಕ್ಟ್ರೇ,” ಎಂದಳು ಅವಳು, ನೋವಿನಲ್ಲೂ. ಡಾಕ್ಟರು ನಕ್ಕರು. ಮಣಿಕಟ್ಟಿನ ಹತ್ತಿರ ಸಣ್ಣ ಬಿರುಕು, ಒಂದೂವರೆ ತಿಂಗಳು ಪ್ಲಾಸ್ಟರು. “ಮುಂದಿನ ತಿಂಗಳು ವಿಮಾನ ಹತ್ತೋದಿತ್ತು,” ಎಂದ ಅವನು ತೊದಲುತ್ತ. “ಬಾವು ಇಳಿದ ಮೇಲೆ ಬಂದು ತೋರಿಸಿ, ನೋಡೋಣ,” ಎಂದರು.

ಪ್ಲಾಸ್ಟರ್ ಹಾಕುವ ಕೋಣೆಯ ಹೊರಗೆ ಬೆಂಚಿನ ಮೇಲೆ ಕೂತಿದ್ದಾಗ ಅವನ ಮನಸ್ಸಿನಲ್ಲಿ ಒಂದು ಯೋಚನೆ ಹಾದುಹೋಯಿತು: ಅವಳು ಬರದಿದ್ದರೆ? ಚಾಕು ಹಿಡಿಯುವುದನ್ನು ನೋಡುತ್ತಿರಬೇಕಿಲ್ಲ, ಸೂಟ್‌ಕೇಸು ಮಗುಚುವುದಿಲ್ಲ, ಯಾರೂ ನಗುವುದಿಲ್ಲ. ಎದೆ ಒಂದು ಕ್ಷಣ ಹಗುರಾಯಿತು. ಒಳಗಿನಿಂದ ಅವಳು ಹಲ್ಲು ಕಚ್ಚಿ ಮುಲುಗಿದ್ದು ಕೇಳಿದಾಗ, ಹಾಗೆ ಹಗುರಾದದ್ದಕ್ಕೆ ಅವನು ಕೂತಲ್ಲೇ ಹಿಡಿಯಷ್ಟಾದ. ಆದರೂ ಮರುದಿನ ಪ್ರೆಸ್ಸಿನಲ್ಲಿ ಯಜಮಾನರು ವಿಚಾರಿಸಿದಾಗ, “ಅವಳು ಬರೋದು ಕಷ್ಟ ಸಾರ್,” ಎಂದೇ ಹೇಳಿದ. ಅವಳನ್ನು ಕೇಳಿರಲಿಲ್ಲ.

ಮನೆಯಲ್ಲಿ ಹೊಲಿಗೆ ಯಂತ್ರದ ಮೇಲೆ ಮುಸುಕು ಬಿತ್ತು. ಒಪ್ಪಿಕೊಂಡಿದ್ದ ಪರದೆ ಬಟ್ಟೆಗಳನ್ನೆಲ್ಲ ಗಿರಾಕಿಗಳು ಬಂದು ಹಾಗ್ಹಾಗೇ ವಾಪಸು ಒಯ್ದರು. ಅವನು ಅಡುಗೆ ಮಾಡಿದ, ಪಾತ್ರೆ ತೊಳೆದ, ಕೇಳದೆಯೇ ನೀರು ತಂದುಕೊಟ್ಟ. ಅವಳು ಮಳಿಗೆಯ ಮಾತೆತ್ತಲೇ ಇಲ್ಲ. ಒಂದು ಸಲ ಬೈದುಬಿಟ್ಟರೆ ಸಾಕೆಂದು ಅವನು ಕಾದ. ಅವಳು ಬೈಯಲಿಲ್ಲ.

ವಾರದ ಮೇಲೆ ಒಂದು ಸಂಜೆ ಅಕೌಂಟೆಂಟರೂ ಅವರ ಹೆಂಡತಿಯೂ ಹಣ್ಣಿನ ಬುಟ್ಟಿ ಹಿಡಿದು ನೋಡಲು ಬಂದರು. “ಅಯ್ಯೋ, ಹೇಗಾಯ್ತು ಮಾರಾಯ್ತಿ?” ಎಂದು ಆಕೆ ಕೇಳಿದ್ದೇ ಸಾಕು, ಅವಳು ಪ್ಲಾಸ್ಟರಿನ ಕೈ ಎತ್ತಿಕೊಂಡು ಎದ್ದು ನಿಂತಳು. ಎಸ್ಕಲೇಟರಿನ ಮುಂದೆ ತಾನು ನಿಂತದ್ದು, ಇದು ಬೇಡ ಅದು ಬರಲಿ ಅಂದದ್ದು, ಹಿಂದೆ ಸಾಲು ಬೆಳೆದದ್ದು, ಕೊನೆಗೆ ಕಣ್ಣು ಮುಚ್ಚಿ ಹಾರಿದ್ದು, ಎಲ್ಲವನ್ನೂ ಮಾಡಿ ತೋರಿಸಿದಳು. “ಮೂಟೆ ಬಿದ್ದ ಹಾಗೆ ಬಿದ್ದೆ ನೋಡಿ! ಆ ಯಂತ್ರವೇ ಹೆದರಿ ನಿಂತುಬಿಡ್ತು!”

ಅಕೌಂಟೆಂಟರು ಕಣ್ಣೊರೆಸಿಕೊಂಡು ನಕ್ಕರು. “ಒಂದು ಲೆಕ್ಕಕ್ಕೆ ಒಳ್ಳೇದೇ ಆಯ್ತು ಬಿಡಿ,” ಎಂದರು ಅವರ ಹೆಂಡತಿ. “ಅಲ್ಲಿ ಬಂದು ಬಿದ್ದಿದ್ರೆ ನಮ್ಮೆಲ್ಲರ ಗತಿ ಏನಾಗ್ತಿತ್ತು!”

“ಅವಳು ಹಾರಲಿಲ್ಲ,” ಎಂದ ಅವನು.

ಎಲ್ಲರೂ ಅವನತ್ತ ತಿರುಗಿದರು.

“ನಾನು ಜಗ್ಗಿದೆ. ಬರಲ್ಲ ಅಂತ ನಿಂತವಳನ್ನ ಕೈ ಹಿಡಿದು ಜಗ್ಗಿದೆ. ಅದಕ್ಕೇ ಬಿದ್ದಳು.”

ನಗು ಅಲ್ಲೇ ಸತ್ತಿತು. ಅಕೌಂಟೆಂಟರು ಕಾಫಿ ಲೋಟದ ತಳ ನೋಡಿದರು. ಅವರ ಹೆಂಡತಿ ಇವಳ ಮುಖ ನೋಡಿದರು, ಆಮೇಲೆ ಪ್ಲಾಸ್ಟರು ನೋಡಿದರು, ಆಮೇಲೆ ಇವಳ ಹೆಗಲ ಮೇಲೆ ಮೆತ್ತಗೆ ಕೈಯಿಟ್ಟು, “ಇರಲಿ, ಆರೋಗ್ಯ ನೋಡ್ಕೋ,” ಎಂದರು, ಸಾವಿನ ಮನೆಯಲ್ಲಿ ಆಡುವ ದನಿಯಲ್ಲಿ. ಹೆಚ್ಚು ಹೊತ್ತು ಕೂರಲಿಲ್ಲ.

ಬಾಗಿಲು ಹಾಕಿಕೊಂಡು ಒಳಗೆ ಬಂದಾಗ ಅವನಿಗೆ ಬಹಳ ದಿನಗಳ ಮೇಲೆ ಉಸಿರು ಸರಾಗವಾಗಿ ಆಡಿದಂತಿತ್ತು. ಅವಳ ಕಣ್ಣಲ್ಲಿ ಕಣ್ಣಿಟ್ಟು ನೋಡಬಹುದು ಅನ್ನಿಸಿತು. ನೋಡಿದ.

“ಯಾರು ಕೇಳಿದ್ರು ನಿಮ್ಮನ್ನ?” ಎಂದಳು ಅವಳು. ದನಿ ತಗ್ಗಿತ್ತು, ಅವಳ ದನಿ ಅಷ್ಟು ತಗ್ಗಿದ್ದನ್ನು ಅವನು ಕೇಳಿಯೇ ಇರಲಿಲ್ಲ.

“ನಿಜ ಹೇಳ್ದೆ...”

“ಹೇಳಿ ನೀವು ಹಗುರಾದ್ರಿ. ನಾನು? ಇಷ್ಟು ದಿನ ಬಿದ್ದು ನಗಿಸೋಳಾಗಿದ್ದೆ. ಇನ್ಮೇಲೆ ಗಂಡ ಜನರ ಮುಂದೆ ಎಳೆದು ಬೀಳಿಸಿದೋಳು. ಆಕೆ ಹೆಗಲ ಮೇಲೆ ಕೈಯಿಟ್ಟಿದ್ದು ನೋಡಿದ್ರಲ್ಲ? ಅದನ್ನ ತಡ್ಕೊಳ್ಳೋಕಾಗಲ್ಲ ಅಂತಲೇ ನಾನು ಅಷ್ಟು ಕುಣಿದಿದ್ದು.” ಅವಳು ಖಾಲಿ ಲೋಟಗಳನ್ನು ಎಡಗೈಯಲ್ಲಿ ಒಂದರೊಳಗೊಂದು ಇಟ್ಟಳು. “ಜಗ್ಗಿದ್ದು ಹೋಗಲಿ. ಸಿಟ್ಟಿಗೆ ಕೈ ಮುಂದಾಯ್ತು. ಮೇಲೆ ನಿಂತು ಕಂಬಳಿ ನೋಡಿದ್ರಲ್ಲ? ನಾನು ಕೆಳಗಿಂದ ನೋಡ್ತಾನೇ ಇದ್ದೆ. ಅದನ್ನ ಯಾಕೆ ಅವರಿಗೆ ಹೇಳ್ಲಿಲ್ಲ?”

ಅದು ಅವಳಿಗೆ ಕಂಡಿರಲಾರದೆಂದೇ ಅವನು ನಂಬಿದ್ದ.

“ನನಗೆ ಹೋಗ್ಬೇಕು ಅಂತ ಎಷ್ಟು ಆಸೆ ಇತ್ತು ಗೊತ್ತಾ ನಿಮಗೆ?” ಎಂದಳು. “ಬರೋದು ಕಷ್ಟ ಅಂತ ಹೇಳಿ ಬಂದ್ರಂತೆ. ಯಜಮಾನರ ಮನೆಯವರು ಫೋನ್ ಮಾಡಿ ಸಮಾಧಾನ ಹೇಳಿದ್ರು. ಏನಕ್ಕೆ ಸಮಾಧಾನ ಅಂತ ನನಗೆ ತಿಳಿಯೋಕೇ ಅರ್ಧ ಗಳಿಗೆ ಬೇಕಾಯ್ತು.” ಲೋಟಗಳನ್ನೆತ್ತಿಕೊಂಡು ಒಳಗೆ ಹೋದಳು. ಅವನು ಹಿಂದೆಯೇ ಹೋಗಲು ಎದ್ದ, ಅಡುಗೆಮನೆಯ ಬಾಗಿಲವರೆಗೆ ಹೋಗಿ ಮತ್ತೆ ಬಂದು ಕೂತ.

ಮುಂದಿನ ವಾರ ಅವಳು ಅವನನ್ನು ಕರೆಯದೆ ಒಬ್ಬಳೇ ಬಸ್ಸು ಹತ್ತಿ ಆಸ್ಪತ್ರೆಗೆ ಹೋಗಿ ಬಂದಳು. “ಬಾವು ಇಳಿದಿದೆಯಂತೆ. ವಿಮಾನ ಹತ್ತಬಹುದಂತೆ,” ಎಂದಳು, ಹೊಸಿಲ ಮೇಲೆ ನಿಂತು. “ಯಜಮಾನರಿಗೆ ನಾನೇ ಹೇಳಿದ್ದೀನಿ.” ಅವನು “ಒಳ್ಳೇದಾಯ್ತು,” ಎಂದ. ಆ ಮಾತು ಅವನ ಕಿವಿಗೇ ಪೊಳ್ಳಾಗಿ ಕೇಳಿಸಿತು. ನಿಜಕ್ಕೂ ಅವನಿಗೆ ಒಳ್ಳೆಯದೇ ಅನ್ನಿಸಿತ್ತು. ಆದರೆ ಅದನ್ನು ಅವಳು ನಂಬಬೇಕೆಂದು ಕೇಳಲು ಯಾವ ಮುಖವಿತ್ತು?

ಆಮೇಲೆ ಅವನು ಏನನ್ನೂ ಕಲಿಸಲಿಲ್ಲ. ಅವಳು ಹೇಳಿದ ಬಟ್ಟೆಗಳನ್ನು ಹೇಳಿದ ಹಾಗೆ ಮಡಿಚಿಟ್ಟ. ಅವಳು ಬೇಕಾದಷ್ಟೇ ಮಾತಾಡಿದಳು. ಹೊಲಿಗೆ ಯಂತ್ರ ಮುಸುಕಿನೊಳಗೇ ಇತ್ತು, ಥ್ಯಾಂಕ್ಸಿನ ಹಾಡೂ ಇರಲಿಲ್ಲ.

ಹೊರಡುವ ದಿನ ಬೆಳಕು ಹರಿಯುವ ಹೊತ್ತಿಗೆ ಇಬ್ಬರೂ ಸಿದ್ಧರಾಗಿದ್ದರು. ಸಾಮಾನು ಬಾಗಿಲ ಬಳಿ ಇತ್ತು. ಅವಳ ಕೂದಲು ಮಾತ್ರ ಇನ್ನೂ ಬಿಚ್ಚಿಕೊಂಡೇ ಇತ್ತು. ಕೈ ಮುರಿದಂದಿನಿಂದ ಪಕ್ಕದ ಮನೆಯಾಕೆ ದಿನಾ ಬಂದು ಜಡೆ ಹಾಕಿಕೊಟ್ಟು ಹೋಗುತ್ತಿದ್ದರು. ಇವತ್ತು ಅವರ ಮನೆಯ ದೀಪ ಇನ್ನೂ ಹೊತ್ತಿರಲಿಲ್ಲ. ಅವಳು ಎರಡು ಸಲ ಕಿಟಕಿಯಿಂದ ಅತ್ತ ನೋಡಿದಳು. ಎಡಗೈಯಲ್ಲಿ ತಾನೇ ಬಾಚಲು ಹೋಗಿ, ಆಗದೆ, ಬಿಟ್ಟಳು. ಆಮೇಲೆ ಸ್ಟೂಲಿನ ಮೇಲೆ ಅವನಿಗೆ ಬೆನ್ನು ಮಾಡಿ ಕೂತು, ಬಾಚಣಿಗೆಯನ್ನು ಹೆಗಲ ಮೇಲಿಂದ ಹಿಂದಕ್ಕೆ ಹಿಡಿದಳು.

ಅವನು ತೆಗೆದುಕೊಂಡ. ನೆತ್ತಿಯಿಂದ ಎಳೆದ, ಅರ್ಧದಲ್ಲಿ ಸಿಕ್ಕು ಹಿಡಿಯಿತು. ಅವಳ ಕುತ್ತಿಗೆ ಚೂರು ಹಿಂದಕ್ಕೆ ವಾಲಿತು, ಹಾ ಎನ್ನಲಿಲ್ಲ. ಅವನು ಕೈ ತಡೆದ. ಇಷ್ಟು ಬಿಳಿ ಕೂದಲು ಯಾವಾಗ ಬಂತೋ ಅವನಿಗೆ ತಿಳಿದಿರಲಿಲ್ಲ.

ಹೊರಗೆ ಕಾರು ಬಂದು ಹಾರ್ನ್ ಹೊಡೆಯಿತು. ಅವಳು ಕದಲಲಿಲ್ಲ. ಅವನು ಇನ್ನೊಂದು ಸ್ಟೂಲು ಎಳೆದುಕೊಂಡು ಕೂತು, ಕೂದಲಿನ ತುದಿಯನ್ನು ಅಂಗೈಯಲ್ಲಿ ಹಿಡಿದು, ಕೆಳಗಿನಿಂದ ಒಂದೊಂದೇ ಎಳೆ ಬಿಡಿಸತೊಡಗಿದ.